ಸಹಾಯ ಬೇಕು: ಹೊಟ್ಟಿನ ಬೂದಿಯಿಂದ ಸಿಲಿಕಾ, ಮಿಲ್-ಕಾಲೇಜು ಜಂಟಿ ಪ್ರಾಜೆಕ್ಟಿಗೆ ಅನುದಾನ

ರಾಯಚೂರಿನ ಎರಡು ರೈಸ್ ಮಿಲ್, ಒಂದು ಎಂಜಿನಿಯರಿಂಗ್ ಕಾಲೇಜು ಸೇರಿ, ಬಾಯ್ಲರ್‌ನಲ್ಲಿ ಭತ್ತದ ಹೊಟ್ಟು ಉರಿಸಿದಾಗ ಉಳಿಯೋ ಬೂದಿಯಿಂದ ಸಿಲಿಕಾ ತೆಗೆಯೋ ಯೋಚನೆ. ಟನ್ ಭತ್ತಕ್ಕೆ ಸುಮಾರು 200 ಕೆಜಿ ಹೊಟ್ಟು, ಅದರಿಂದ 40 ಕೆಜಿ ಬೂದಿ. ಉರಿ ಜಾಸ್ತಿಯಾದರೆ ಸಿಲಿಕಾ ಹರಳುಗಟ್ಟಿ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಸುಲಭಕ್ಕೆ ಕರಗಲ್ಲ; ಕಡಿಮೆಯಾದರೆ ಇಂಗಾಲ ಉಳಿದು ಬೂದಿ ಕರ್ರಗೆ. ಸಂಶೋಧನೆ ಬೇಕಿರೋದು ಇಲ್ಲೇ.

ಕೇಂದ್ರದ ತಂತ್ರಜ್ಞಾನ ಅಭಿವೃದ್ಧಿ ಮಂಡಳಿ ವೆಚ್ಚದ ಅರ್ಧದವರೆಗೆ 5% ಸರಳ ಬಡ್ಡಿಗೆ ಸಾಲ ಕೊಡುತ್ತೆ, ಆದರೆ ಅದು ಮಾರುಕಟ್ಟೆಗೆ ತರೋ ಹಂತಕ್ಕೆ. ಲ್ಯಾಬ್ ಮಟ್ಟದ ಕೆಲಸಕ್ಕಲ್ಲ. ಸಣ್ಣ ಉದ್ದಿಮೆಗಳಿಗಿರೋ ಕೇಂದ್ರದ ‘ಎಂಎಸ್‌ಎಂಇ ಇನ್ನೋವೇಟಿವ್’ ಯೋಜನೆಯಲ್ಲಿ ಒಂದು ಐಡಿಯಾಕ್ಕೆ 15 ಲಕ್ಷದವರೆಗೆ ಉಂಟು, ಹೋಸ್ಟ್ ಇನ್‌ಸ್ಟಿಟ್ಯೂಟ್ (ಐಡಿಯಾ ಬೆಳೆಸೋಕೆ ಯೋಜನೆಯಡಿ ಮಾನ್ಯತೆ ಪಡೆದ ಸಂಸ್ಥೆ) ಮೂಲಕವೇ ಹೋಗಬೇಕು. ನಮಗೆ ಇದೇ ಸರಿ ಅನಿಸುತ್ತೆ.

ರಾಯಚೂರು, ಬಳ್ಳಾರಿ, ಕೊಪ್ಪಳ ಕಡೆ ಹೋಸ್ಟ್ ಸಂಸ್ಥೆ ಯಾವುದಿದೆ? ಮೂವರ ಎಂಓಯು (ಒಪ್ಪಂದ ಪತ್ರ) ನಮೂನೆ ಇದ್ದವರು ಹಾಕ್ರಿ: ಪೇಟೆಂಟ್ ಯಾರಿಗೆ, ಸಿಲಿಕಾ ತೆಗೆಯೋ ರಿಯಾಕ್ಟರ್ ಯಾರ ಹೆಸರಿಗೆ, ಅನುದಾನದ ಬಳಕೆ ಪ್ರಮಾಣಪತ್ರಕ್ಕೆ ಸಹಿ ಯಾರದು ಅಂತ ಮೊದಲೇ ಬರೆದಿರಬೇಕು, ಇಲ್ಲಾಂದ್ರೆ ಎರಡನೇ ಕಂತು ಬರೋ ಹೊತ್ತಿಗೆ ಜಗಳ. ಬೂದಿಗೆ ಎಕ್ಸ್‌ಆರ್‌ಡಿ ಟೆಸ್ಟ್ (ಸಿಲಿಕಾ ಹರಳುಗಟ್ಟಿದೆಯಾ ಅಂತ ಎಕ್ಸ್-ರೇಯಿಂದ ನೋಡೋದು) ಹತ್ತಿರದಲ್ಲಿ ಎಲ್ಲಿ ಮಾಡ್ತಾರ?