ಮುಂದಿನ ಗಾಡಿಯ ಬಾಲ ಹಿಡಿದು ಓಡಿಸುವ ಚಾಳಿ ಬಿಡುವುದು ಹೇಗೆ?

ಬ್ರೇಕ್‌ಲೈಟ್: ಮೀಟರ್ ಲೆಕ್ಕ ಬಿಡಿ, ಸೆಕೆಂಡ್ ಲೆಕ್ಕ ಹಿಡಿಯಿರಿ. ಮುಂದಿನ ಗಾಡಿಯ ಹಿಂಬದಿ ಒಂದು ಕಂಬ ದಾಟಿದ ಕೂಡಲೇ ‘ಸಾವಿರದ ಒಂದು, ಸಾವಿರದ ಎರಡು’ ಅಂತ ಮನಸ್ಸಿನಲ್ಲೇ ಎಣಿಸಿ. ಎಣಿಕೆ ಮುಗಿಯುವ ಮೊದಲೇ ಆ ಕಂಬದ ಹತ್ತಿರ ಬಂದುಬಿಟ್ಟರೆ ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಒಣ ರಸ್ತೆಗೆ ಎರಡು ಸೆಕೆಂಡ್ ಕನಿಷ್ಠ, ಮಳೆಯಲ್ಲಿ ನಾಲ್ಕು.

ಟಾಪ್‌ಗೇರ್: ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಬ್ರೇಕ್ ಇದೆ, ಟೈರು ಹೊಸದು ಅಂದರೆ ಇಷ್ಟೆಲ್ಲ ಯಾಕೆ? ಮುಂದಿನವನೂ ಗಕ್ಕನೆ ನಿಲ್ಲಲಾರ, ಅವನಿಗೂ ಜಾಗ ಬೇಕು. ಇನ್ನು ಗ್ಯಾಪ್ ಬಿಟ್ಟರೆ ಪಕ್ಕದ ಲೇನಿನವನು ನುಗ್ಗುತ್ತಾನೆ. ಅವನಿಗೆ ಜಾಗ ಬಿಟ್ಟು ಹಿಂದೆ ಸರಿದರೆ ಇನ್ನೊಬ್ಬ.

ಗೇರುಮೇಷ್ಟ್ರು: ಎಬಿಎಸ್ ಕೆಲಸ ಶುರುವಾಗುವುದೇ ನಿಮ್ಮ ಕಾಲು ಪೆಡಲ್ ಒತ್ತಿದ ಮೇಲೆ. 80 ಕಿ.ಮೀ. ವೇಗದಲ್ಲಿ ಕಣ್ಣು ಕಂಡದ್ದು ಕಾಲಿಗೆ ಇಳಿಯುವ ಒಂದು ಸೆಕೆಂಡಿನಲ್ಲೇ ಗಾಡಿ 22 ಮೀಟರ್ ಹೋಗಿರುತ್ತದೆ. ಚಕ್ರ ಲಾಕ್ ಆಗದೆ ಸ್ಟೇರಿಂಗ್ ಮಾತು ಕೇಳಲಿ ಅಂತ ಎಬಿಎಸ್ ಇರುವುದು. ಜಲ್ಲಿ ಚೆಲ್ಲಿದ ರಸ್ತೆಯಲ್ಲಿ ಅದಿದ್ದರೂ ನಿಲ್ಲಲು ಇನ್ನಷ್ಟು ದೂರ ಬೇಕಾಗಬಹುದು.

ಮುಂದಿನವನಿಗೂ ಜಾಗ ಬೇಕು ಅಂದಿರಿ, ನಿಜ. ಅದಕ್ಕೇ ಎರಡು ಸೆಕೆಂಡ್ ಸಾಲುತ್ತದೆ: ಒಂದು ನಿಮ್ಮ ಪ್ರತಿಕ್ರಿಯೆಗೆ, ಇನ್ನೊಂದು ಅವನ ಬ್ರೇಕು ನಿಮ್ಮದಕ್ಕಿಂತ ಚುರುಕಾಗಿದ್ದರೆ ಅಂತ. ಆದರೆ ಅವನು ನಿಂತ ಲಾರಿಗೆ ಗುದ್ದಿದರೆ ಈ ಲೆಕ್ಕವೂ ಉಳಿಯದು. ನುಗ್ಗುವವರ ಮಾತು: ಒಬ್ಬ ನುಗ್ಗಿದರೆ ನಿಮಗಾಗುವ ನಷ್ಟ ಸುಮಾರು ಎರಡು ಸೆಕೆಂಡ್. ಹತ್ತು ಜನ ನುಗ್ಗಿದರೂ ಇಪ್ಪತ್ತೇ ಸೆಕೆಂಡ್.

ಜೀಬ್ರಾಪಟ್ಟೆ: ಗ್ಯಾಪಿನ ಜೊತೆ ವೇಗವನ್ನೂ ಸೇರಿಸಿ ಸರ್. ನಡೆದು ಹೋಗುವವರ ಜೀವ ಇರುವುದು ಅಲ್ಲಿ. ಒಣ ರಸ್ತೆ, ಒಳ್ಳೆ ಬ್ರೇಕು, ಒಂದು ಸೆಕೆಂಡಿನ ಪ್ರತಿಕ್ರಿಯೆ ಅಂದುಕೊಂಡರೆ 50ರಲ್ಲಿ ಬರುವ ಕಾರು ಸುಮಾರು 28 ಮೀಟರಿಗೆ ನಿಲ್ಲುತ್ತದೆ. ಅದೇ ಕಾರು 60ರಲ್ಲಿದ್ದರೆ, 28ನೇ ಮೀಟರಿನಲ್ಲಿ ಅದರ ವೇಗ ಇನ್ನೂ 40ರ ಆಸುಪಾಸು. ಅಂದರೆ ಒಬ್ಬ ಮುಟ್ಟದೆ ನಿಂತ ಜಾಗದಲ್ಲಿ ಇನ್ನೊಬ್ಬ ಮಗುವಿಗೆ 40ರಲ್ಲಿ ಗುದ್ದುತ್ತಾನೆ. ‘ಹತ್ತೇ ತಾನೇ ಜಾಸ್ತಿ’ ಅನ್ನುವವರು ಇದನ್ನು ನೆನಪಿಡಲಿ.

ಟಾಪ್‌ಗೇರ್: ಈ ಲೆಕ್ಕ ಒಪ್ಪಿದೆ. ಆದರೆ ನಾನು ಗ್ಯಾಪ್ ಬಿಟ್ಟರೂ ಹಿಂದಿನವನು ಬಂಪರಿಗೆ ಅಂಟಿಕೊಂಡಿದ್ದರೆ?

ಗೇರುಮೇಷ್ಟ್ರು: ಹೆದರಿಸಲೆಂದು ಬ್ರೇಕ್ ಕುಟ್ಟಬೇಡಿ, ಅವನು ತಪ್ಪಿಸಲು ಹೋಗಿ ಪಕ್ಕದ ಬೈಕಿನವರ ಮೇಲೆ ಹೋದಾನು. ಮುಂದಿನ ಗ್ಯಾಪನ್ನು ಮೂರ್ನಾಲ್ಕು ಸೆಕೆಂಡಿಗೆ ಏರಿಸಿ. ಆಗ ನೀವು ನಿಧಾನಕ್ಕೆ ಬ್ರೇಕ್ ಹಾಕಬಹುದು, ಅವನಿಗೂ ಸಮಯ ಸಿಗುತ್ತದೆ. ಜಾಗ ಸಿಕ್ಕಲ್ಲಿ ಎಡಬಲ ನೋಡಿ ದಾರಿ ಬಿಡಿ.

ಬ್ರೇಕ್‌ಲೈಟ್: ಇನ್ನೊಂದು ಸೇರಿಸುತ್ತೇನೆ. ಗೇರ್ ಇಳಿಸಿ ವೇಗ ತಗ್ಗಿಸಿದರೆ ಹಿಂದಿನ ಕೆಂಪು ದೀಪ ಹತ್ತುವುದಿಲ್ಲ. ಹಿಂದಿನವನಿಗೆ ಗೊತ್ತಾಗಲಿ ಅಂತ ಪೆಡಲನ್ನು ದೀಪ ಹತ್ತುವಷ್ಟು ಮಾತ್ರ ಹಗುರವಾಗಿ ಒತ್ತಿ. ಮುಂದಿರುವುದು ಬೈಕಾದರೆ ಇದೇ ಕಾರಣಕ್ಕೆ ನೀವೂ ಅದರ ದೀಪವನ್ನು ನಂಬಿ ಕೂರಬೇಡಿ, ಒಂದು ಸೆಕೆಂಡ್ ಹೆಚ್ಚೇ ಬಿಡಿ. ಬೈಕು ಜಾರಿ ಸವಾರ ಬಿದ್ದರೆ, ಅವರ ಮೇಲೆ ಹತ್ತದೆ ನಿಲ್ಲಲು ನಿಮಗಿರುವುದು ಆ ಗ್ಯಾಪ್ ಒಂದೇ.