ಮಗಳ ಮುಖದ ಜಿಡ್ಡು ಹೋಗ್ತಾನೇ ಇಲ್ಲ, ತಲೆಯಲ್ಲೂ ಹೊಟ್ಟು

ವಿದ್ಯಾನಗರದವಳು, ದಾವಣಗೆರೆ:
ಎಲ್ಲರಿಗೂ ನಮಸ್ಕಾರ. ಮಗಳು ಸೆಕೆಂಡ್ ಪಿಯುಸಿ. ಹಣೆ, ಮೂಗು, ಗದ್ದ ಎಲ್ಲಾ ಕಡೆ ಜಿಡ್ಡು. ಬೆಳಗ್ಗೆ ತೊಳೆದುಕೊಂಡು ಹೋದರೂ ಮಧ್ಯಾಹ್ನದೊಳಗೆ ಕರ್ಚೀಫಿಗೆ ಎಣ್ಣೆ ಅಂಟುತ್ತದೆ. ಮೊಡವೆ ಬೇರೆ. ಬಾಚಿದರೆ ಹೆಗಲ ಮೇಲೆ ಹೊಟ್ಟು ಉದುರುತ್ತದೆ. ತಲೆ ಒಣಗಿದೆ ಅಂತ ನಮ್ಮತ್ತೆ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚುತ್ತಾರೆ, ಇವಳು ಬೆಳಗ್ಗೆ ಎದ್ದು ಸೋಪು ಹಾಕಿ ಹಾಕಿ ಉಜ್ಜುತ್ತಾಳೆ. ನಮ್ಮದು ಬೋರ್ ನೀರು, ಗಡಸು, ನೊರೆನೇ ಬರಲ್ಲ. ಒಂದು ಮೆಡಿಕಲ್ ಶಾಪಿನಲ್ಲಿ ಕ್ರೀಮ್ ಕೊಟ್ಟರು. ಹಚ್ಚುವಾಗ ಮುಖ ನುಣುಪಾಗಿತ್ತು, ಬಿಟ್ಟ ಮೇಲೆ ಕೆಂಪಗಾಗಿ ಮೊಡವೆ ಜಾಸ್ತಿಯಾಗಿವೆ. ಬೆಣ್ಣೆ ದೋಸೆ, ಮಿರ್ಚಿ ಬಿಡಿಸಿ ಅಂತ ಎಲ್ಲರೂ ಹೇಳ್ತಾರೆ. ಈ ಎಣ್ಣೆ ಬರೋದಾದರೂ ಎಲ್ಲಿಂದ? ಪೂರ್ತಿ ನಿಲ್ಲಿಸೋಕೆ ಆಗಲ್ವಾ?

ಬಯಾಲಜಿ ಟೀಚರ್, ಚಿತ್ರದುರ್ಗ:
ಅಕ್ಕಾ, ಪೂರ್ತಿ ನಿಲ್ಲಿಸೋ ಯೋಚನೆ ಬೇಡ. ಆ ಎಣ್ಣೆ ನಿಂತರೆ ಚರ್ಮಕ್ಕೂ ಕಷ್ಟ, ಕೂದಲಿಗೂ ಕಷ್ಟ.

ಕೂದಲು ಹುಟ್ಟುವ ಗುಂಡಿಯ ಪಕ್ಕದಲ್ಲೇ ಒಂದು ಸಣ್ಣ ಗ್ರಂಥಿ ಇರುತ್ತದೆ, ಸೆಬೇಶಿಯಸ್ ಗ್ರಂಥಿ. ಅಂಗೈ, ಅಂಗಾಲು ಬಿಟ್ಟು ಮೈತುಂಬಾ ಇವೆ. ಮುಖದಲ್ಲಿ, ನೆತ್ತಿಯಲ್ಲಿ ತುಂಬಾ ಒತ್ತಾಗಿರುತ್ತವೆ, ಒಂದು ಚದರ ಸೆಂಟಿಮೀಟರಿಗೆ 400ರಿಂದ 900. ಇದರ ಕೋಶಗಳಿಗೆ ಸೆಬೋಸೈಟ್ ಎನ್ನುತ್ತಾರೆ. ಗ್ರಂಥಿಯ ಅಂಚಿನಲ್ಲಿ ಹೊಸ ಕೋಶ ಹುಟ್ಟುತ್ತದೆ, ನಡುವಿನ ಕಡೆ ಸರಿಯುತ್ತಾ ಹೊಟ್ಟೆ ತುಂಬಾ ಕೊಬ್ಬು ತುಂಬಿಕೊಂಡು ಊದುತ್ತದೆ, ಕೊನೆಗೆ ಒಡೆದೇ ಹೋಗುತ್ತದೆ. ಬೆವರಿನ ಹಾಗೆ ಇದು ಕೋಶದಿಂದ ಜಿನುಗುವುದಲ್ಲ. ಚಳ್ಳಕೆರೆ ಗಾಣದಲ್ಲಿ ಶೇಂಗಾ ಅರೆದರೆ ಹಿಂಡಿಯಾದರೂ ಉಳಿಯುತ್ತದೆ, ಇಲ್ಲಿ ಅದೂ ಉಳಿಯಲ್ಲ, ಇಡೀ ಕೋಶವೇ ಎಣ್ಣೆಯಾಗಿಬಿಡುತ್ತದೆ. ಹುಟ್ಟಿ ಒಡೆಯೋದಕ್ಕೆ ಎರಡು ಮೂರು ವಾರ ಬೇಕು. ಹಾಗಾಗಿ ಇವತ್ತು ಮುಖದ ಮೇಲೆ ಬಂದ ಜಿಡ್ಡಿನ ತಯಾರಿ ಶುರುವಾಗಿ ಎಷ್ಟೋ ದಿನ ಆಗಿರುತ್ತದೆ. ಎಷ್ಟು ಸಲ ತೊಳೆದರೂ ಒಳಗಿನ ಕೆಲಸ ನಿಲ್ಲಲ್ಲ.

ಈ ಕೋಶಗಳಿಗೆ ಅಪ್ಪಣೆ ಕೊಡೋದು ಆಂಡ್ರೊಜೆನ್, ಗಂಡು ಹಾರ್ಮೋನು ಅಂತಾರಲ್ಲ, ಅದು. ಹೆಣ್ಣುಮಕ್ಕಳಲ್ಲೂ ಇದು ಇರುತ್ತದೆ. ಕೂಸು ಹುಟ್ಟಿದಾಗ ಮೈಮೇಲೆ ಬೆಣ್ಣೆ ಮೆತ್ತಿದ ಹಾಗೆ ಬಿಳಿ ಲೇಪ ಇರುತ್ತಲ್ಲ, ಅದರಲ್ಲೂ ಇದೇ ಗ್ರಂಥಿಯ ಎಣ್ಣೆ ಇದೆ, ನಿಮ್ಮತ್ತೆಗೆ ಕೇಳಿ, ಅವರು ನೋಡಿರುತ್ತಾರೆ. ಆಮೇಲೆ ಗ್ರಂಥಿ ಸುಮ್ಮನಾಗಿ, ಪ್ರಾಯಕ್ಕೆ ಬರುವಾಗ ಮತ್ತೆ ಜೋರಾಗುತ್ತದೆ. ಮಗಳ ತಪ್ಪೇನೂ ಇಲ್ಲ, ಗಲೀಜಿಂದ ಬಂದದ್ದೂ ಅಲ್ಲ. ಮೂಗಿನ ಮೇಲಿನ ಕಪ್ಪು ಚುಕ್ಕಿ ಕೂಡ ಕೊಳೆಯಲ್ಲ, ರಂಧ್ರದಲ್ಲಿ ಸಿಕ್ಕಿಕೊಂಡ ಎಣ್ಣೆ, ಸತ್ತ ಚರ್ಮ ಗಾಳಿಗೆ ಕಪ್ಪಾಗಿರೋದು. ದಯವಿಟ್ಟು ಅವಳಿಗೆ ಇದನ್ನು ಹೇಳಿ. ಈ ವಯಸ್ಸಲ್ಲಿ ಆ ಮಾತು ತುಂಬಾ ಮುಖ್ಯ.

ಕೂದಲ ವಿಷಯಕ್ಕೆ ಬಂದರೆ, ಈ ಗ್ರಂಥಿ ಸರಿಯಾಗಿ ಬೆಳೆಯದ ಇಲಿಗಳಲ್ಲಿ ಕೂದಲು ತನ್ನ ಒರೆಯಿಂದ ಬಿಡಿಸಿಕೊಂಡು ಹೊರಗೆ ಬರೋಕಾಗದೆ ಬುಡವೇ ಹಾಳಾಗುತ್ತದೆ. ಮನುಷ್ಯರಲ್ಲೂ ಕಲೆಯಾಗಿ ಕೂದಲು ಹೋಗುವ ಕೆಲವು ಕಾಯಿಲೆಗಳಲ್ಲಿ ಮೊದಲು ಮಾಯವಾಗೋದರಲ್ಲಿ ಈ ಗ್ರಂಥಿಯೂ ಒಂದು. ಅದಕ್ಕೇ ನಿಲ್ಲಿಸೋದು ಬೇಡ ಅಂದದ್ದು.

ಫಾರ್ಮಸಿ ಓದಿದವನು, ದಾವಣಗೆರೆ:
ಮೇಡಂ, ಆ ಕ್ರೀಮಿನ ಟ್ಯೂಬ್ ತಿರುಗಿಸಿ ಓದಿ. ಬೀಟಾಮೆಥಾಸೋನ್, ಕ್ಲೊಬೆಟಾಸಾಲ್, ಮೊಮೆಟಾಸೋನ್, ಇದರಲ್ಲಿ ಯಾವ ಹೆಸರಿದ್ದರೂ ಅದು ಸ್ಟೆರಾಯ್ಡ್. ಹಚ್ಚುವಾಗ ಚೆಂದ, ಬಿಟ್ಟಾಗ ಕೆಂಪು, ನೀವು ಹೇಳಿದ್ದು ಹಾಗೇ ಇದೆ. 2018ರಿಂದ ಇಂಥವನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರುವಂತೆಯೇ ಇಲ್ಲ. ಟ್ಯೂಬ್ ಸಮೇತ ಚರ್ಮದ ಡಾಕ್ಟರಿಗೆ ತೋರಿಸಿ. ಮುಟ್ಟು ಏರುಪೇರು, ಗದ್ದದಲ್ಲಿ ಗಡಸು ಕೂದಲು ಇದ್ದರೆ ಅದನ್ನೂ ಹೇಳಿ, ಪಿಸಿಓಡಿ (ಹಾರ್ಮೋನು ಏರುಪೇರಾಗಿ ಬರುವ ಅಂಡಾಶಯದ ತೊಂದರೆ) ಇದೆಯಾ ನೋಡಬೇಕಾಗುತ್ತದೆ.

ಗ್ರಂಥಿಯನ್ನೇ ಚಿಕ್ಕದು ಮಾಡುವ ಮಾತ್ರೆ ಇದೆ, ಐಸೊಟ್ರೆಟಿನೊಯಿನ್. ಯಾರೋ ತಗೊಂಡರು ಅಂತ ತರಬೇಡಿ. ಗರ್ಭಿಣಿಯರು ತಗೊಂಡರೆ ಮಗುವಿಗೆ ಅಂಗವೈಕಲ್ಯ ಆಗಬಹುದು, ಡಾಕ್ಟರ್ ನಿಗಾ ಬೇಕೇ ಬೇಕು.

ವಿದ್ಯಾನಗರದವಳು:
ಟ್ಯೂಬ್ ಮೇಲೆ ಮೊಮೆಟಾಸೋನ್ ಅಂತ ಇದೆ! ಈ ವಾರವೇ ಡಾಕ್ಟರ ಹತ್ತಿರ ಹೋಗ್ತೀವಿ. ತಲೆಗೆ ಎಣ್ಣೆ ಹಚ್ಚಬೇಕೋ ಬೇಡವೋ? ಅತ್ತೆಗೆ ಏನು ಹೇಳಲಿ? ಮತ್ತೆ ದೋಸೆ?

ಬಯಾಲಜಿ ಟೀಚರ್, ಚಿತ್ರದುರ್ಗ:
ದೋಸೆಯ ಬೆಣ್ಣೆ ನೇರವಾಗಿ ಮುಖಕ್ಕೆ ಬರಲ್ಲ ಅಕ್ಕಾ, ಅಪರೂಪಕ್ಕೆ ತಿನ್ನಲಿ. ಸಕ್ಕರೆ ಜಾಸ್ತಿ ಇರೋ ಜ್ಯೂಸು, ಬೇಕರಿ ತಿಂಡಿ ಕಮ್ಮಿ ಮಾಡಿದರೆ ಕೆಲವರಿಗೆ ಮೊಡವೆ ತಗ್ಗುತ್ತದೆ.

ಹೊಟ್ಟು ಇರುವಾಗ ರಾತ್ರಿಯೆಲ್ಲಾ ಎಣ್ಣೆ ಬೇಡ. ನೆತ್ತಿಯಲ್ಲಿ ಮಲಾಸೇಜಿಯಾ ಅನ್ನೋ ಫಂಗಸ್ ಎಲ್ಲರಿಗೂ ಇರುತ್ತದೆ, ಅದಕ್ಕೆ ಈ ಕೊಬ್ಬೇ ಊಟ. ಅದು ತಿಂದು ಬಿಟ್ಟ ಕೊಬ್ಬಿನಾಮ್ಲಕ್ಕೆ ಚರ್ಮ ಕೆರಳಿ ಪದರ ಏಳುತ್ತದೆ. ನೋಡೋಕೆ ಒಣಗಿದ ಹಾಗೆ ಕಾಣುತ್ತದೆ, ಹೆಚ್ಚಿನ ಸಲ ಕಾರಣ ಜಿಡ್ಡು. ಅತ್ತೆಯವರ ಕೈಯಿಂದಲೇ ಕೂದಲ ತುದಿಗೆ ಮಾತ್ರ ಸ್ವಲ್ಪ ಎಣ್ಣೆ ಸವರಿಸಿ, ಪ್ರೀತಿಯಿಂದ ಮಾಡ್ತಿರೋದನ್ನ ಪೂರ್ತಿ ತಪ್ಪಿಸೋದು ಬೇಡ. ಫಂಗಸ್ ತಗ್ಗಿಸುವ ಕೀಟೊಕೊನಜೋಲ್ ಶಾಂಪೂ ವಾರಕ್ಕೆ ಎರಡು ಸಲ ಸಾಕು. ಹಚ್ಚಿದ ಕೂಡಲೇ ತೊಳೆಯಬಾರದು, ನೆತ್ತಿಯಲ್ಲಿ ಐದು ನಿಮಿಷ ಬಿಡಬೇಕು. ಮುಖಕ್ಕೆ ಸೋಪಿನ ಬದಲು ಮೃದುವಾದ ಫೇಸ್‌ವಾಶ್, ದಿನಕ್ಕೆ ಎರಡೇ ಸಲ. ಗಡಸು ನೀರಲ್ಲಿ ಸೋಪು ಚರ್ಮದ ಮೇಲೆ ಕೆನೆ ಕಟ್ಟಿ ಉಳಿಯುತ್ತದೆ, ಮುಖ ಕೆಂಪಾಗೋದಕ್ಕೆ ಅದೂ ಕಾರಣ ಇರಬಹುದು. ನಲ್ಲಿ ನೀರು ಬಂದ ದಿನ ಒಂದು ಬಕೆಟ್ ಮುಖಕ್ಕೆ, ತಲೆಗೆ ಅಂತ ಎತ್ತಿಡಿ.