ಎನ್ವಿರಾನ್‌ಮೆಂಟಲ್ ಪ್ಲಾನಿಂಗ್ ಓದಿದವರು ಇದ್ದೀರಾ? ಅನುಭವ ಹೇಳಿ

ಕೇಳಿದವರು: ತುಮಕೂರಿನ ಸಿವಿಲ್ ಇಂಜಿನಿಯರ್

ಬಿಇ ಮುಗಿಸಿ ಬೆಂಗಳೂರಿನ ಕಟ್ಟಡ ಕಂಪನಿಯೊಂದರಲ್ಲಿ ಸೈಟ್ ಇಂಜಿನಿಯರ್ ಆಗಿದ್ದೇನೆ. ಎನ್ವಿರಾನ್‌ಮೆಂಟಲ್ ಪ್ಲಾನಿಂಗ್‌ನಲ್ಲಿ ಮಾಸ್ಟರ್ಸ್ ಮಾಡುವ ಆಸೆ. ಮನೆಯಲ್ಲಿ "ಅದೇನು, ಗಿಡ ನೆಡೋ ಕೋರ್ಸಾ?" ಅಂತ ಕೇಳುತ್ತಾರೆ. ನನಗೂ ಬಿಡಿಸಿ ಹೇಳಲು ಬರುತ್ತಿಲ್ಲ. ಎನ್ವಿರಾನ್‌ಮೆಂಟಲ್ ಇಂಜಿನಿಯರಿಂಗ್ ಎಂಟೆಕ್‌ಗೂ ಇದಕ್ಕೂ ಏನು ವ್ಯತ್ಯಾಸ? ಎಲ್ಲಿ ಓದಬೇಕು? ಆಮೇಲೆ ಕೆಲಸ ಏನು? ನನಗೆ ಡ್ರಾಯಿಂಗ್ ಬರಲ್ಲ, ಅದು ತೊಂದರೆಯಾ? ಓದಿದವರು, ಈ ಕೆಲಸದಲ್ಲಿ ಇರುವವರು ದಯವಿಟ್ಟು ಹೇಳಿ.

ದೆಹಲಿಯಲ್ಲಿ ಎಂಪ್ಲಾನ್ ಮಾಡಿದವಳು

ಎಂಟೆಕ್‌ನಲ್ಲಿ ಕೊಳಚೆ ನೀರನ್ನು ಹೇಗೆ ಶುದ್ಧ ಮಾಡಬೇಕು ಅಂತ ಓದುತ್ತೀರಿ. ಎಂಪ್ಲಾನ್, ಅಂದರೆ ಮಾಸ್ಟರ್ ಆಫ್ ಪ್ಲಾನಿಂಗ್‌ನಲ್ಲಿ, ಆ ಶುದ್ಧೀಕರಣ ಘಟಕ ಎಲ್ಲಿ ಬರಬೇಕು, ಅದರ ಸುತ್ತ ಏನು ಬರಬಾರದು, ಇನ್ನು ಇಪ್ಪತ್ತು ವರ್ಷದಲ್ಲಿ ಊರು ಯಾವ ಕಡೆ ಬೆಳೆದರೆ ನೀರಿಗೆ ಕಷ್ಟವಾಗುತ್ತದೆ ಅಂತ ಓದುತ್ತೀರಿ. ಎಲ್ಲವೂ ಕೊನೆಗೆ ಜಾಗದ ಪ್ರಶ್ನೆ.

ನೀವು ಬೆಂಗಳೂರಿನಲ್ಲಿ ಸೈಟ್ ನೋಡಿಕೊಳ್ಳುವವರು, ಬಫರ್ (ಕೆರೆ, ಕಾಲುವೆ ಪಕ್ಕ ಏನೂ ಕಟ್ಟದೆ ಬಿಡಬೇಕಾದ ಜಾಗ) ಗಲಾಟೆ ಗೊತ್ತಿರಲೇಬೇಕು. 2015ರ ಮಾಸ್ಟರ್ ಪ್ಲಾನ್‌ನಲ್ಲಿ ಕೆರೆಗೆ 30 ಮೀಟರ್, ರಾಜಕಾಲುವೆಗೆ ಅದರ ದರ್ಜೆ ನೋಡಿಕೊಂಡು 50, 25, 15 ಮೀಟರ್ ಬಿಡಬೇಕಿತ್ತು. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಯ ಬಫರನ್ನು 75 ಮೀಟರ್ ಮಾಡಿತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬದಿಗಿಟ್ಟು ಮಾಸ್ಟರ್ ಪ್ಲಾನ್ ಅಳತೆಗೇ ವಾಪಸ್ ತಂದಿತು. ಬಿಲ್ಡರ್‌ಗೆ ಬೇಕಿರುವುದು ಎಷ್ಟು ಮೀಟರ್ ಅನ್ನುವುದಷ್ಟೇ. ವಕೀಲರಿಗೂ ಅಷ್ಟೇ. ಪ್ಲಾನರ್ ಕೇಳಬೇಕಾದ್ದು ಬೇರೆ: ದಿಣ್ಣೆ ಹತ್ತಿರದ ಚಿಕ್ಕ ಕೆರೆಗೂ, ಕೋರಮಂಗಲ–ಚಲ್ಲಘಟ್ಟ ಕಣಿವೆಯ ತಳದಲ್ಲಿರುವ ಬೆಳ್ಳಂದೂರಿಗೂ ಒಂದೇ ಅಳತೆ ಯಾಕೆ? ಇಳಿಜಾರು ಎಷ್ಟಿದೆ, ನೀರು ಎಷ್ಟು ದೂರದಿಂದ ಬರುತ್ತದೆ, ಮೇಲ್ಗಡೆ ಎಷ್ಟು ನೆಲ ಆಗಲೇ ಕಾಂಕ್ರೀಟ್ ಆಗಿದೆ? ಎರಡು ವರ್ಷ ಇಂಥ ಪ್ರಶ್ನೆಗಳ ಜೊತೆಗೇ ಬದುಕುತ್ತೀರಿ.

ಬಹಳ ಕಡೆ ಮೊದಲ ಸೆಮಿಸ್ಟರ್ ಎಲ್ಲ ಪ್ಲಾನಿಂಗ್ ವಿಭಾಗಗಳಿಗೂ ಒಂದೇ ಇರುತ್ತದೆ. ನಂತರ ನಿಮ್ಮ ವಿಷಯ ಶುರು. ಕೊನೆಯ ಸೆಮಿಸ್ಟರ್ ಥೀಸಿಸ್. ಆದರೆ ನಿಜವಾದ ಕೋರ್ಸ್ ಅಂದರೆ ಸ್ಟುಡಿಯೋ. ಗುಂಪು ಕಟ್ಟಿಕೊಂಡು ಒಂದು ಊರಿಗೆ ಹೋಗಿ, ಸರ್ವೆ ಮಾಡಿ, ಮಣ್ಣು, ಇಳಿಜಾರು, ನೀರು, ಮರ, ಮನೆ ಎಲ್ಲದಕ್ಕೂ ಬೇರೆ ಬೇರೆ ನಕ್ಷೆ ಮಾಡಿ, ಒಂದರ ಮೇಲೊಂದು ಇಟ್ಟು ನೋಡಬೇಕು. 1960ರ ದಶಕದಲ್ಲಿ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಇಯಾನ್ ಮ್ಯಾಕ್‌ಹಾರ್ಗ್ ಪಾರದರ್ಶಕ ಹಾಳೆಗಳಲ್ಲಿ ಮಾಡಿ ತೋರಿಸಿದ ವಿಧಾನ ಇದು. ಈಗ ಜಿಐಎಸ್ ಅನ್ನುವ ನಕ್ಷೆ ಸಾಫ್ಟ್‌ವೇರ್‌ನಲ್ಲಿ ಮಾಡುತ್ತೇವೆ. ಯಾವ ಪದರಕ್ಕೆ ಎಷ್ಟು ತೂಕ ಕೊಡಬೇಕು ಅನ್ನುವಲ್ಲಿ ಜಗಳ ಶುರುವಾಗುತ್ತದೆ. ಆ ಜಗಳದಲ್ಲಿ ಕಲಿತಷ್ಟು ನಾನು ಪಾಠದಲ್ಲಿ ಕಲಿಯಲಿಲ್ಲ. ಸಬ್ಮಿಷನ್ ಹಿಂದಿನ ರಾತ್ರಿ ನಿದ್ದೆ ಮರೆತುಬಿಡಿ.

ಗೇಟ್ ಬರೆದು ಭೋಪಾಲ್ ಸೇರಿದವನು

ಕಾಲೇಜಿನ ವಿಷಯ ನಾನು ಹೇಳುತ್ತೇನೆ. ದೆಹಲಿ, ಭೋಪಾಲ್, ವಿಜಯವಾಡ ಮೂರೂ ಕಡೆಯ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್‌ಗಳಲ್ಲಿ ಈ ವಿಷಯ ಇದೆ. ಗೇಟ್ (ಸ್ನಾತಕೋತ್ತರ ಪ್ರವೇಶ ಪರೀಕ್ಷೆ) ಅಂಕದ ಮೇಲೆ, ಸಿಸಿಎಂಟಿ ಅನ್ನುವ ಕೇಂದ್ರೀಯ ಕೌನ್ಸೆಲಿಂಗ್ ಮೂಲಕ ಸೀಟು. ಅಂಕ ಮೂರು ವರ್ಷ ನಡೆಯುತ್ತದೆ. ಗೇಟ್ ಮೇಲೆ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಇದೆ. ಬರುವುದು ತಡವಾಗಬಹುದು, ಮೊದಲ ಕೆಲವು ತಿಂಗಳಿಗೆ ಕೈಯಲ್ಲಿ ದುಡ್ಡಿರಲಿ.

ಸಿವಿಲ್‌ನವರು ಸಿವಿಲ್ ಪೇಪರ್ ಬರೆಯಬೇಕಾ, ಆರ್ಕಿಟೆಕ್ಚರ್ ಅಂಡ್ ಪ್ಲಾನಿಂಗ್ ಪೇಪರ್ ಬರೆಯಬೇಕಾ ಅನ್ನುವುದು ಎಲ್ಲರ ತಲೆನೋವು. ಈಗ ಆ ಎರಡನೇ ಪೇಪರ್‌ನಲ್ಲಿ ಪ್ಲಾನಿಂಗ್ ಭಾಗವನ್ನು ಬೇರೆಯಾಗಿ ಆರಿಸಿಕೊಳ್ಳಬಹುದು. ನನ್ನ ಸಲಹೆ ಅದೇ, ಯಾಕೆಂದರೆ ಓದಿದ್ದು ಆಮೇಲೆ ಕೋರ್ಸ್‌ನಲ್ಲೂ ಕೆಲಸಕ್ಕೆ ಬರುತ್ತದೆ. ಆದರೆ ಯಾವ ಕಾಲೇಜು ಯಾವ ಪೇಪರ್ ಒಪ್ಪುತ್ತದೆ ಅಂತ ಆ ವರ್ಷದ ಸಿಸಿಎಂಟಿ ಪಟ್ಟಿಯಲ್ಲಿ ನೋಡಿಯೇ ಅರ್ಜಿ ಹಾಕಿ. ಗೆಳೆಯರ ಮಾತು ನಂಬಬೇಡಿ, ನನ್ನ ಮಾತನ್ನೂ.

ಇಐಎ ಕನ್ಸಲ್ಟೆನ್ಸಿಯಲ್ಲಿರುವವನು

ಕೆಲಸದ ಬಗ್ಗೆ ಬಣ್ಣ ಹಚ್ಚದೆ ಹೇಳುತ್ತೇನೆ. ಹೊಸಬರಿಗೆ ಕೆಲಸ ಜಾಸ್ತಿ ಸಿಗುವುದು ಪರಿಸರ ಪರಿಣಾಮ ಅಧ್ಯಯನದಲ್ಲಿ, ಅಂದರೆ ಇಐಎ. ಎಲ್ಲದರ ಮೂಲ 2006ರ ಸೆಪ್ಟೆಂಬರ್ 14ರ ಅಧಿಸೂಚನೆ. ಸೇರುವ ಮೊದಲೇ ಒಮ್ಮೆ ಪೂರ್ತಿ ಓದಿ, ಬೋರ್ ಹೊಡೆದರೂ ಓದಿ. 20,000 ಚದರ ಮೀಟರ್‌ಗಿಂತ ದೊಡ್ಡ ಕಟ್ಟಡಕ್ಕೆ ಪರಿಸರ ಅನುಮತಿ ಬೇಕು ಅನ್ನುವುದು ಅದರಿಂದಲೇ. ಬೆಂಗಳೂರಿನ ಅಪಾರ್ಟ್‌ಮೆಂಟ್ ಫೈಲ್‌ಗಳು ಬಹುಪಾಲು ಹೀಗೆ ಬಂದವು. ಅವುಗಳಲ್ಲಿ ಕಲಿಯುವುದು ಕಡಿಮೆ. ಹಳೆಯ ವರದಿ ತೆಗೆದು ಹೆಸರು ಬದಲಿಸುವುದು, ನೀರಿನ ಲೆಕ್ಕ ತುಂಬುವುದು, ಅಷ್ಟೇ. ನಾನು ಮೊದಲು ಸೇರಿದ ಕಡೆ ಇದನ್ನೇ ಮಾಡಿಸುತ್ತಿದ್ದರು. ಬಿಟ್ಟು ಬಂದೆ.

ಗಣಿ, ರಸ್ತೆ, ಕೈಗಾರಿಕಾ ಪ್ರದೇಶದ ಕೆಲಸ ಬೇರೆ ತರಹ. ಅಲ್ಲಿ ಬಹುತೇಕ ಸಾರ್ವಜನಿಕ ಆಲಿಕೆ ಇರುತ್ತದೆ. ಕನಿಷ್ಠ 30 ದಿನ ಮೊದಲು ಪ್ರಕಟಣೆ ಕೊಡಬೇಕು, ವರದಿಯ ಸಾರಾಂಶ ಕನ್ನಡದಲ್ಲೂ ಇರಬೇಕು. ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಬಂದ ಅಧಿಕಾರಿ ಕೂರುತ್ತಾರೆ, ಎಲ್ಲ ವಿಡಿಯೋ ಆಗುತ್ತದೆ. ಕಲ್ಲು ಗಣಿಯೊಂದರ ಆಲಿಕೆಯಲ್ಲಿ ನಾವು ಹತ್ತು ಕಿಲೋಮೀಟರ್ ತ್ರಿಜ್ಯದ ಅಧ್ಯಯನ ಅಂತ ಸ್ಲೈಡ್ ತೋರಿಸಿದೆವು. ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಎದ್ದು, "ನಮ್ಮ ಬೋರಿನ ನೀರು ಯಾವ ಪುಟದಾಗೈತೆ?" ಅಂದಳು. ಪುಟದಲ್ಲಿ ಇರಲಿಲ್ಲ. ನೀರಿನ ಸ್ಯಾಂಪಲ್ ತೆಗೆದಿದ್ದೆಲ್ಲ ಜೀಪು ಹೋಗುವ ರಸ್ತೆಯ ಪಕ್ಕದ ಊರುಗಳಲ್ಲಿ. ಅವಳ ಊರು ಗುಡ್ಡದ ಆಚೆ, ನೀರು ಇಳಿಯುವ ಕಡೆ. ನಕ್ಷೆ ಓದಲು ಬರುವವರು ತಂಡದಲ್ಲಿ ಒಬ್ಬರಿದ್ದರೂ ಸ್ಯಾಂಪಲ್ ಅಲ್ಲಿಂದ ಮೊದಲು ತರುತ್ತಿದ್ದರು. ಪ್ಲಾನಿಂಗ್ ಓದಿದವರ ಬೆಲೆ ಗೊತ್ತಾಗುವುದು ಇಲ್ಲೇ.

ಇನ್ನೊಂದು. ಇಂಥ ವರದಿ ಮಾಡಲು ಸಂಸ್ಥೆಗೆ ನಾಬೆಟ್ ಅನ್ನುವ ರಾಷ್ಟ್ರೀಯ ಮಂಡಳಿಯ ಮಾನ್ಯತೆ ಬೇಕು. ಅದರಲ್ಲಿ ಗಾಳಿ, ನೀರು, ಭೂಬಳಕೆ, ಜೀವವೈವಿಧ್ಯ ಅಂತ ಒಂದೊಂದಕ್ಕೂ ತಜ್ಞರ ಪಟ್ಟಿ ಇರುತ್ತದೆ. ಸಂದರ್ಶನದಲ್ಲಿ ಆ ಪಟ್ಟಿ ಕೇಳಿ. ಹೆಸರಿಗೆ ಮಾತ್ರ ತಜ್ಞರು ಇರುವ ಕಡೆ ಸುಮ್ನೆ ಸೇರಬೇಡಿ.

ಯೋಜನಾ ಪ್ರಾಧಿಕಾರದ ನಕ್ಷೆ ಕೆಲಸದಲ್ಲಿರುವವಳು

ನಾನು ಓದಿದ್ದು ಮೈಸೂರು ವಿಶ್ವವಿದ್ಯಾಲಯದಲ್ಲಿ, ನಗರ ಮತ್ತು ಪ್ರಾದೇಶಿಕ ಯೋಜನೆ ಎಂಟೆಕ್. ಹೆಸರಲ್ಲಿ 'ಎನ್ವಿರಾನ್‌ಮೆಂಟಲ್' ಇಲ್ಲ ಅಂತ ಕೈ ಬಿಡಬೇಡಿ. ಕರ್ನಾಟಕದಲ್ಲೇ ಕೆಲಸ ಮಾಡುವುದಾದರೆ ಇಲ್ಲಿನ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, ಇಲ್ಲಿನ ಕಂದಾಯ ದಾಖಲೆ ಗೊತ್ತಿರುವುದೇ ದೊಡ್ಡ ಬಂಡವಾಳ.

ನನ್ನ ದಿನ ಹೋಗುವುದೇ ಗ್ರಾಮ ನಕಾಶೆಯನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸುವುದರಲ್ಲಿ. ಹಳೆಯ ನಕಾಶೆಯಲ್ಲಿ ಹಳ್ಳ ಸ್ಪಷ್ಟವಾಗಿ ಎಳೆದಿರುತ್ತದೆ. ಚಿತ್ರದಲ್ಲಿ ಅದೇ ಜಾಗದಲ್ಲಿ ಲೇಔಟ್. ಪಹಣಿ ತೆಗೆದರೆ 'ಬಿ' ಖರಾಬು ಅಂತ ಕೆಲವು ಗುಂಟೆ ಇನ್ನೂ ಇರುತ್ತದೆ, ಅಂದರೆ ಹಳ್ಳ, ದಾರಿಯಂಥ ಸಾರ್ವಜನಿಕ ಜಾಗ. ಕಾಗದದಲ್ಲಿ ನೀರು ಹರಿಯುತ್ತಿದೆ, ನೆಲದ ಮೇಲೆ ಇಲ್ಲ. ಮಳೆ ಬಂದಾಗ ಮಾತ್ರ ನೀರು ಕಾಗದದ ಪ್ರಕಾರ ನಡೆದುಕೊಳ್ಳುತ್ತದೆ! ಹೊರಗಿನ ಕಾಲೇಜಿನಿಂದ ಬರುವ ಹುಡುಗರಿಗೆ ಜಿಐಎಸ್ ಚೆನ್ನಾಗಿ ಬರುತ್ತದೆ, ಪಹಣಿ ಓದಲು ಬರುವುದಿಲ್ಲ. ನಿಮಗೆ ಬರುತ್ತದಲ್ವಾ?

ಜರ್ಮನಿಯಿಂದ ಒಬ್ಬ ಧಾರವಾಡದವನು

ಹೊರದೇಶದ ಯೋಚನೆ ಇದ್ದರೆ ಎರಡು ಮಾತು. ಇಲ್ಲಿನ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಇದೆ. ಆದರೆ ವೀಸಾಕ್ಕೆ ಒಂದು ವರ್ಷದ ಖರ್ಚನ್ನು ಮೊದಲೇ ಖಾತೆಯಲ್ಲಿ ತೋರಿಸಬೇಕು. 2024ರ ಸೆಪ್ಟೆಂಬರ್‌ನಲ್ಲಿ ಅದನ್ನು 11,904 ಯೂರೋಗೆ ಏರಿಸಿದರು. ನಮ್ಮ ಅಂಕಪಟ್ಟಿ, ಪದವಿ ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರವೂ ಬೇಕು, ಅದಕ್ಕೆ ಬೇಗ ಅರ್ಜಿ ಹಾಕಿ.

ಓದುವ ವಿಷಯದಲ್ಲಿ ಇಲ್ಲಿ ನನಗೆ ಹಿಡಿಸಿದ್ದು 1976ರಿಂದಲೂ ಇರುವ ಒಂದು ಕಾನೂನು. ನಿಸರ್ಗಕ್ಕೆ ಹಾನಿ ಮಾಡುವವರು ಮೊದಲು ಅದನ್ನು ತಪ್ಪಿಸಬೇಕು, ತಪ್ಪಿಸಲಾಗದ್ದನ್ನು ಬೇರೆ ರೀತಿಯಲ್ಲಿ ತುಂಬಿಕೊಡಬೇಕು. ಸೆಮಿಸ್ಟರ್‌ಗಟ್ಟಲೆ ಇದರ ಲೆಕ್ಕಾಚಾರ ಮಾಡಿಸುತ್ತಾರೆ. ಕೋರ್ಸ್ ಇಂಗ್ಲಿಷ್‌ನಲ್ಲಿ ಸಿಗಬಹುದು. ಪ್ಲಾನಿಂಗ್ ಆಫೀಸಿನ ಕೆಲಸ ಸಿಗಲ್ಲ, ಕಾನೂನು, ವರದಿ, ಸಭೆ ಎಲ್ಲ ಜರ್ಮನ್. ಭಾಷೆ ಕಲಿಯುವ ಮನಸ್ಸಿಲ್ಲದಿದ್ದರೆ ಇಲ್ಲಿಗೆ ಈ ವಿಷಯಕ್ಕೆ ಬರಬೇಡಿ ಅಂತಲೇ ಹೇಳುತ್ತೇನೆ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಪಹಣಿ ಓದಲು ಬರುತ್ತದೆ! ಗೇಟ್‌ಗೆ ಇನ್ನೂ ಸಮಯ ಇದೆ. ಅಲ್ಲಿಯವರೆಗೆ ಏನು ಕಲಿಯಲಿ? ಡ್ರಾಯಿಂಗ್ ಬಗ್ಗೆ ಯಾರೂ ಹೇಳಲಿಲ್ಲ.

ದೆಹಲಿಯಲ್ಲಿ ಎಂಪ್ಲಾನ್ ಮಾಡಿದವಳು

ಡ್ರಾಯಿಂಗ್ ಬೇಡ. ಆರ್ಕಿಟೆಕ್ಚರ್‌ನವರ ಹಾಳೆಗಳು ಚಂದ ಕಾಣುತ್ತವೆ, ಮೊದಲ ಸೆಮಿಸ್ಟರ್ ಹೊಟ್ಟೆಕಿಚ್ಚಾಗುತ್ತದೆ, ಆಮೇಲೆ ಸರಿಹೋಗುತ್ತದೆ. ಕ್ಯೂಜಿಐಎಸ್ ಅನ್ನುವ ಜಿಐಎಸ್ ಸಾಫ್ಟ್‌ವೇರ್ ಹಾಕಿಕೊಳ್ಳಿ, ಉಚಿತ. ಸೆಂಟಿನೆಲ್-2 ಉಪಗ್ರಹದ ಚಿತ್ರಗಳೂ ಉಚಿತ, ಹತ್ತು ಮೀಟರ್ ಸ್ಪಷ್ಟತೆ. ನಿಮ್ಮೂರ ಪಕ್ಕದಲ್ಲೇ ವಸಂತನರಸಾಪುರ ಕೈಗಾರಿಕಾ ಪ್ರದೇಶ ಇದೆ. 2016ರ ಬೇಸಿಗೆಯದೊಂದು, ಈ ವರ್ಷದ ಬೇಸಿಗೆಯದೊಂದು ಚಿತ್ರ ಇಳಿಸಿಕೊಂಡು, ಸುತ್ತಲಿನ ಕೆರೆ, ಹೊಲ, ಶೆಡ್ಡು ಬೇರೆ ಬೇರೆ ಗುರುತಿಸಿ. ಸರ್ವೆ ನಂಬರ್‌ಗೆ ದಿಶಾಂಕ್ ಆ್ಯಪ್ ಇದೆ. ಆಮೇಲೆ ಭಾನುವಾರ ಬೈಕಿನಲ್ಲಿ ಹೋಗಿ, ನೀವು ಕೆರೆ ಅಂತ ಗುರುತಿಸಿದ್ದು ಕೆರೆಯೇನಾ ಅಂತ ನೋಡಿಕೊಂಡು ಬನ್ನಿ. ನಕ್ಷೆ ಆದಮೇಲೆ ಇಲ್ಲೇ ಹಾಕಿ, ನಾವೆಲ್ಲ ಸೇರಿ ತಪ್ಪು ಹುಡುಕುತ್ತೇವೆ.